ಮಂಗಳವಾರ ಹೇಗಿದ್ದೀರಿ ಅಂತ ನೋಡಿ

ಓದುಗರ ಪ್ರಶ್ನೆಗೆ ಉತ್ತರ

ಹೋದ ತಿಂಗಳು ಒಬ್ಬರೇ ಪ್ರವಾಸ ಹೋಗುವುದರ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಯಿಲೆಯಿಂದ ಎದ್ದವರದ್ದು. ನಾನೂ ಆರು ವರ್ಷದ ಹಿಂದೆ ಶ್ವಾಸಕೋಶದ ಸೋಂಕು ತಗುಲಿ ಮೂರು ವಾರ ಆಸ್ಪತ್ರೆಯಲ್ಲಿದ್ದು, ಆಮೇಲೆ ಹನ್ನೊಂದು ತಿಂಗಳು ಟೆಂಟ್ ಮುಟ್ಟದೆ ಕೂತವಳು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಮೊದಲು ತಿಂಗಳಿಗೆ ಎರಡು ಶನಿವಾರ ಟೆಂಟ್ ಹೊತ್ತು ಒಬ್ಬಳೇ ಹೊರಡುತ್ತಿದ್ದೆ. ಎರಡು ವರ್ಷದ ಹಿಂದೆ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಅದರ ಬೆನ್ನಿಗೇ ಸೋಂಕು, ಮತ್ತೆ ಆಸ್ಪತ್ರೆ. ಈಗ ಡಾಕ್ಟರು ಎಲ್ಲಾ ಸರಿಯಾಗಿದೆ, ಮಾಮೂಲಿನಂತೆ ಇರಿ ಅನ್ನುತ್ತಾರೆ. ಆದರೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಬ್ಯಾಗು ಅಟ್ಟದ ಮೇಲಿದೆ, ಅದನ್ನು ನೋಡಿದರೆ ಅಳು ಬರುತ್ತದೆ. ಹೋಗಬೇಕು ಅನ್ನಿಸುತ್ತದೆ, ಭಯವೂ ಆಗುತ್ತದೆ. ಇದು ಹುಚ್ಚು ಆಸೆಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಹುಚ್ಚು ಆಸೆ ಖಂಡಿತಾ ಅಲ್ಲ. ಇಸಬೆಲ್ಲಾ ಬರ್ಡ್ ಅಂತ ಒಬ್ಬರು ಇಂಗ್ಲೆಂಡಿನವರು, ಹುಟ್ಟಿದ್ದು 1831ರಲ್ಲಿ. ಚಿಕ್ಕಂದಿನಿಂದ ಬೆನ್ನುನೋವು, ತಲೆನೋವು, ನಿದ್ದೆ ಇಲ್ಲ. ಬೆನ್ನುಹುರಿಯ ಹತ್ತಿರದ ಗೆಡ್ಡೆ ತೆಗೆಯುವ ಆಪರೇಷನ್ ಕೂಡ ಆಗಿತ್ತು. ಅವರೇ 1873ರಲ್ಲಿ ಅಮೆರಿಕದ ರಾಕಿ ಪರ್ವತಗಳಲ್ಲಿ ಕುದುರೆ ಮೇಲೆ ನೂರಾರು ಮೈಲಿ ಹೋದರು, ಬಹುಪಾಲು ಒಬ್ಬರೇ. ಪ್ರವಾಸ ಹೋದರೆ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅವರು ಮನೆಗೆ ಬಂದ ಮೇಲೆ ಮತ್ತೆ ಮತ್ತೆ ಹಾಸಿಗೆ ಹಿಡಿದಿದ್ದೂ ನಿಜ. ನಿಮ್ಮ ಆಸೆ ನಿಮ್ಮೊಬ್ಬರದ್ದಲ್ಲ, ನಿಮಗಿಂತ ಮೊದಲೂ ಇತ್ತು ಅಂತ ತಿಳಿಯಲಿ ಅಂತ ಹೇಳಿದೆ.

ಮೊದಲು ಬ್ಯಾಗನ್ನು ಅಟ್ಟದಿಂದ ಇಳಿಸಿ. ನೀವು ಇಳಿಸಬೇಡಿ, ಯಾರಾದರೂ ಇಳಿಸಿಕೊಡಲಿ. ಅಳು ಬಂದರೆ ಅತ್ತುಬಿಡಿ, ನಾನೂ ಅತ್ತಿದ್ದೇನೆ. ಆಮೇಲೆ ಒಂದೊಂದೇ ಹೊರಗೆ ತೆಗೆದು ನೋಡಿ, ಯಾಕಂದರೆ ಎರಡು ವರ್ಷ ಸುಮ್ನೆ ಮಡಿಸಿಟ್ಟ ಸಾಮಾನು ಮೊದಲಿನಂತೆ ಇರುವುದಿಲ್ಲ. ಟೆಂಟ್ ಬಟ್ಟೆಯ ಒಳಬದಿಗೆ ನೀರು ತಡೆಯಲು ಬಳಿದ ಲೇಪ ಅಂಟಂಟಾಗಿ ಹುಳಿ ವಾಸನೆ ಬರುತ್ತಿರಬಹುದು, ಹೊಲಿಗೆ ಮೇಲಿನ ಟೇಪು ಬಿಟ್ಟುಕೊಂಡಿರಬಹುದು, ಕೋಲುಗಳ ಒಳಗಿನ ಎಲಾಸ್ಟಿಕ್ ಸಡಿಲವಾಗಿರಬಹುದು. ಒತ್ತಿ ತುಂಬಿಟ್ಟ ಸ್ಲೀಪಿಂಗ್ ಬ್ಯಾಗ್ ತನ್ನ ಉಬ್ಬು ಕಳೆದುಕೊಂಡಿರುತ್ತದೆ, ಉಬ್ಬು ಹೋದರೆ ಬಿಸಿಯೂ ಹೋಯಿತು. ಎಲ್ಲಕ್ಕಿಂತ ಮುಖ್ಯ ಶೂ. ಹಲವು ಟ್ರೆಕ್ಕಿಂಗ್ ಶೂಗಳ ಅಡಿಯಲ್ಲಿ ಪಾಲಿಯುರೆಥೇನ್ ಎಂಬ ಮೆತ್ತನೆ ಪದರ ಇರುತ್ತದೆ. ಅದು ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗುತ್ತದೆ, ಹಾಕದೆ ಇಟ್ಟ ಶೂನಲ್ಲಿ ಇದು ಇನ್ನೂ ಜಾಸ್ತಿ. ನೋಡಲು ಹೊಸದರಂತೆ ಇರುತ್ತದೆ, ಮೂರು ಕಿಲೋಮೀಟರ್ ನಡೆಯುವಷ್ಟರಲ್ಲಿ ಅಡಿಭಾಗ ಕಿತ್ತು ಬಾಯಿ ಬಿಡುತ್ತದೆ. ನನಗೆ ಹಾಗೇ ಆಗಿದ್ದು, ವಾಪಸ್ ಬಂದ ಮೊದಲ ಪ್ರವಾಸದಲ್ಲೇ, ಮತ್ತು ಟೆಂಟ್ ದಾರದಿಂದ ಶೂ ಕಟ್ಟಿಕೊಂಡು ಕುಂಟುತ್ತಾ ಬಂದ ಆ ದಿನ ನನ್ನ ಧೈರ್ಯ ಎರಡು ತಿಂಗಳು ಹಿಂದಕ್ಕೆ ಹೋಯಿತು. ಹಾಗಾಗಿ ಶೂವನ್ನು ಮೊದಲು ಮನೆ ಸುತ್ತ ಒಂದು ವಾರ ಹಾಕಿ ಓಡಾಡಿ.

ಡಾಕ್ಟರ ಮಾತು. 'ಮಾಮೂಲಿನಂತೆ ಇರಿ' ಅಂದಾಗ ಅವರ ಮನಸ್ಸಿನಲ್ಲಿ ಇರುವುದು ಆಫೀಸು, ಅಡುಗೆಮನೆ, ಅಂಗಡಿ. ನಿಮ್ಮ ಮಾಮೂಲು ಅಂದರೆ ಬೆನ್ನಿಗೆ ಹೊರೆ, ನೆಲದ ಮೇಲೆ ನಿದ್ದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 'ಪ್ರವಾಸ ಹೋಗಬಹುದಾ' ಅಂತ ಕೇಳಬೇಡಿ. ಹೀಗೆ ಕೇಳಿ: ಎಷ್ಟು ಕಿಲೋ ಎತ್ತಬಹುದು? ಬ್ಯಾಗಿನ ಸೊಂಟದ ಬೆಲ್ಟ್ ಹೊಲಿಗೆ ಹಾಕಿದ ಜಾಗವನ್ನು ಒತ್ತಿದರೆ ಪರವಾಗಿಲ್ಲವಾ? ಜ್ವರ ಬಂದರೆ ಎಷ್ಟು ಗಂಟೆಯೊಳಗೆ ಆಸ್ಪತ್ರೆ ಸೇರಬೇಕು? ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯದೆ ಹೊರಡಬೇಕು? ಮೂರನೇ ಪ್ರಶ್ನೆಗೆ ಬರುವ ಉತ್ತರವೇ ನೀವು ಎಷ್ಟು ದೂರ ಹೋಗಬಹುದು ಅನ್ನುವುದನ್ನು ಹೇಳುತ್ತದೆ. ಎರಡು ಗಂಟೆ ಅಂದರೆ, ನಡಿಗೆಯೂ ಸೇರಿ ಆಸ್ಪತ್ರೆಗೆ ಎರಡು ಗಂಟೆಯೊಳಗಿನ ಜಾಗ ಮಾತ್ರ. ಇದರಲ್ಲಿ ಚೌಕಾಸಿ ಬೇಡ. ಹೊಟ್ಟೆಯ ಆಪರೇಷನ್ ಆದವರಿಗೆ ಭಾರ ಎತ್ತುವಾಗ ಹರ್ನಿಯಾ ಆಗುವ ಅಪಾಯವಿದೆ, ಅದಕ್ಕೇ ಭಾರದ ಪ್ರಶ್ನೆ ಮೊದಲು.

ಇನ್ನು ಏದುಸಿರು. ಹಾಸಿಗೆ ಹಿಡಿದಾಗ ಸ್ನಾಯು ಕರಗುವುದು ಬೇಗ, ಕಟ್ಟುವುದು ನಿಧಾನ. ಕಾಲಿನದ್ದು ಇನ್ನೂ ಬೇಗ ಕರಗುತ್ತದೆ. ಇದು ನಿಮ್ಮ ಸೋಮಾರಿತನ ಅಲ್ಲ. ವಾರಕ್ಕೆ ನಾಲ್ಕು ದಿನ, ಮಾತಾಡುತ್ತಾ ನಡೆಯಬಹುದಾದಷ್ಟೇ ವೇಗದಲ್ಲಿ ನಡೆಯಿರಿ. ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿಲ್ಲ ಅಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಅರ್ಧ ಗಂಟೆ ಸಲೀಸಾದ ಮೇಲೆ ಬ್ಯಾಗಿಗೆ ಎರಡು ಲೀಟರ್ ನೀರಿನ ಬಾಟಲಿ ಹಾಕಿ, ಅಂದರೆ ಎರಡು ಕಿಲೋ. ಎರಡು ವಾರ ಅಷ್ಟೇ ಇರಲಿ. ನೀರೇ ಯಾಕೆ ಅಂದರೆ ಸುಸ್ತಾದರೆ ದಾರಿಯಲ್ಲೇ ಚೆಲ್ಲಿ ಹಗುರಾಗಿ ಮನೆಗೆ ಬರಬಹುದು. ಆರೋಗ್ಯವಂತರು ಮೈತೂಕದ ಐದನೇ ಒಂದು ಭಾಗದವರೆಗೆ ಹೊರುತ್ತಾರೆ ಅಂತ ಒಂದು ಲೆಕ್ಕವಿದೆ. ನನ್ನ ಅಭಿಪ್ರಾಯ, ಮೊದಲ ವರ್ಷ ಹತ್ತನೇ ಒಂದು ಭಾಗ ಸಾಕು, ಡಾಕ್ಟರು ಅದಕ್ಕಿಂತ ಕಡಿಮೆ ಅಂದರೆ ಅಷ್ಟೇ. ಅಷ್ಟರಲ್ಲಿ ಟೆಂಟ್, ಹಾಸಿಗೆ, ನೀರು ಎಲ್ಲಾ ಹಿಡಿಯುವುದಿಲ್ಲ, ನಿಜ. ಅದಕ್ಕೇ ಮೊದಲ ಕೆಲವು ಸಲ ವಾಹನ ನಿಲ್ಲುವ ಜಾಗದ ಪಕ್ಕದಲ್ಲೇ ಟೆಂಟ್ ಹಾಕಿ. ದಾರಿ ಕಾಣುವ ಜಾಗದಲ್ಲಿ ಮಲಗಿದರೆ ಅದು ಕ್ಯಾಂಪಿಂಗ್ ಅಲ್ಲ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ.

ಅದಕ್ಕೂ ಮೊದಲು ಒಂದು ರಾತ್ರಿ ಮನೆಯಲ್ಲೇ ನೆಲದ ಮೇಲೆ, ಅದೇ ಮ್ಯಾಟ್, ಅದೇ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿ. ರಾತ್ರಿ ಮೂರು ಗಂಟೆಗೆ ಎದ್ದು ನಿಲ್ಲಲು ಆಗುತ್ತದಾ ನೋಡಿ. ಟೆಂಟಿನ ಒಳಗೆ ಹಿಡಿದುಕೊಳ್ಳಲು ಗೋಡೆ ಇರುವುದಿಲ್ಲ, ಮಂಡಿಯೂರಿ ಹೊರಗೆ ಬರಬೇಕು, ಹೊಟ್ಟೆಯ ಸ್ನಾಯು ಆಗ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಆಪರೇಷನ್ ಆದವರಿಗೆ ಮಾತ್ರ ಗೊತ್ತು. ಮೊದಲು ಪಕ್ಕಕ್ಕೆ ಹೊರಳಿ, ಕೈ ಊರಿ, ಆಮೇಲೆ ಏಳಿ. ಇದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಆಗಲಿಲ್ಲ ಅಂದರೆ ಮಡಿಸುವ ಮಂಚ ಸಿಗುತ್ತದೆ, ವಾಹನದ ಪಕ್ಕ ಇದ್ದರೆ ಅದರ ಭಾರ ಸಮಸ್ಯೆ ಅಲ್ಲ.

ಚಳಿಯ ಬಗ್ಗೆ ಒಂದು ಮಾತು. ಕಾಯಿಲೆಯಲ್ಲಿ ತೂಕ ಇಳಿದಿದ್ದರೆ ಮೊದಲಿಗಿಂತ ಬೇಗ ಚಳಿ ಹತ್ತುತ್ತದೆ. ಸ್ಲೀಪಿಂಗ್ ಬ್ಯಾಗಿನ ಪಟ್ಟಿಯಲ್ಲಿ ಮುಖ್ಯವಾಗಿ ಎರಡು ತಾಪಮಾನ ಇರುತ್ತವೆ, ಕಂಫರ್ಟ್ (ಹಾಯಾಗಿ ಮಲಗಬಹುದಾದದ್ದು) ಮತ್ತು ಲಿಮಿಟ್ (ಮುದುಡಿಕೊಂಡು ಹೇಗೋ ತಡೆದುಕೊಳ್ಳಬಹುದಾದದ್ದು). ನೀವು ಕಂಫರ್ಟ್ ಮಾತ್ರ ನೋಡಿ, ರಾತ್ರಿಯ ತಾಪಮಾನ ಅದಕ್ಕಿಂತ ಐದು ಡಿಗ್ರಿಯಾದರೂ ಮೇಲಿರಬೇಕು ಅಂತ ಲೆಕ್ಕ ಹಾಕಿ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಮೇಲೆ ಎಷ್ಟು ಹೊದ್ದರೂ ಕೆಳಗಿನ ನೆಲ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಅದಕ್ಕೆ ಒಳ್ಳೆಯ ಮ್ಯಾಟ್ ಬೇಕು. ಮತ್ತೆ ಎಷ್ಟೇ ಚಳಿಯಾಗಲಿ, ಟೆಂಟಿನ ಒಳಗೆ ಸ್ಟವ್ ಹಚ್ಚಬೇಡಿ, ಕೆಂಡ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ನಡಿಗೆಯ ಸಮಯಕ್ಕೆ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಲೆಕ್ಕ ಇವತ್ತೂ ಚಾಲ್ತಿಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ನೀವು ಎರಡರಿಂದ ಗುಣಿಸಿ, ಅದರ ಮೇಲೆ ಊಟಕ್ಕೆ, ಕೂರುವುದಕ್ಕೆ ಬೇರೆ ಸಮಯ ಸೇರಿಸಿ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ಶನಿವಾರ ಚೆನ್ನಾಗಿತ್ತು ಅಂತ ಸಂತೋಷಪಡಿ, ಆದರೆ ಅದರ ಮೇಲೆ ಮುಂದಿನ ಪ್ರವಾಸ ನಿರ್ಧರಿಸಬೇಡಿ. ಹೊರಗೆ ಹೋದ ಖುಷಿಯಲ್ಲಿ ಮೈ ಸುಸ್ತನ್ನು ಹೇಳುವುದಿಲ್ಲ. ಅದು ಒಂದೆರಡು ದಿನ ಬಿಟ್ಟು ಹೇಳುತ್ತದೆ. ಅದರಲ್ಲೂ ಸೋಂಕಿನ ನಂತರ ತಿಂಗಳುಗಟ್ಟಲೆ ಸುಸ್ತು ಉಳಿದವರಲ್ಲಿ, ಶ್ರಮ ಪಟ್ಟ 12ರಿಂದ 48 ಗಂಟೆ ಆದ ಮೇಲೆ ಎಲ್ಲಾ ಲಕ್ಷಣ ಒಟ್ಟಿಗೆ ಮರುಕಳಿಸುವುದುಂಟು. ಹಾಗಾಗಿ ಮಂಗಳವಾರ ಬೆಳಗ್ಗೆ ಹೇಗಿದ್ದೀರಿ ಅಂತ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡಿ. ಮಂಗಳವಾರ ಮಾಮೂಲಿನಂತೆ ಎದ್ದು ಕೆಲಸಕ್ಕೆ ಹೋದಿರಿ ಅಂದರೆ ಮುಂದಿನ ಸಲ ಸ್ವಲ್ಪ ಜಾಸ್ತಿ ಮಾಡಿ. ಹಾಸಿಗೆ ಬಿಡಲು ಆಗಲಿಲ್ಲ ಅಂದರೆ ಮುಂದಿನದ್ದು ಅರ್ಧಕ್ಕೆ ಇಳಿಸಿ. ಹೀಗೆ ಮರುಕಳಿಸುತ್ತಲೇ ಇದ್ದರೆ ದಿನಾ ಸ್ವಲ್ಪ ಸ್ವಲ್ಪ ಏರಿಸುವ ಲೆಕ್ಕವನ್ನೇ ಬಿಟ್ಟು ಡಾಕ್ಟರ ಹತ್ತಿರ ಮಾತಾಡಿ. ಅಂಥವರಿಗೆ ಹಟ ಹಿಡಿದು ನಡೆದರೆ ಕೆಡುಕೇ ಆಗುತ್ತದೆ.

ಪ್ರಶ್ನೆ: ನನಗೆ 58. ಇನ್ಸುಲಿನ್ ತೆಗೆದುಕೊಳ್ಳುತ್ತೇನೆ, ಬಿಪಿ ಮಾತ್ರೆಯೂ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿ ಒಂದು ವರ್ಷ ಆಯಿತು. ಹೃದಯದ ಡಾಕ್ಟರು ನಡೆಯಲು ಒಪ್ಪಿದ್ದಾರೆ. ಒಂದು ರಾತ್ರಿ ಒಬ್ಬನೇ ಟೆಂಟ್‌ನಲ್ಲಿ ಇರಬಹುದಾ? ಔಷಧಿ ಹೇಗೆ ಇಟ್ಟುಕೊಳ್ಳಲಿ?

ಉತ್ತರ: ಸರ್, ನಡೆಯಲು ಒಪ್ಪಿದ್ದಾರೆ, ಒಳ್ಳೆಯದು. ರಾತ್ರಿ ಒಬ್ಬರೇ ಇರುವ ವಿಷಯವನ್ನೂ ಅವರಿಗೆ ಬಾಯಿ ಬಿಟ್ಟು ಹೇಳಿ, ಅದು ಬೇರೆ ಪ್ರಶ್ನೆ. ಅವರು ಹೂಂ ಅಂದ ಮೇಲೆ ಮುಂದಿನದ್ದು.

ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಬಳಸಬಾರದು. ಬಿಸಿಲಿಗೆ ನಿಂತ ವಾಹನದಲ್ಲಿ ಬಿಟ್ಟರೂ ಕೆಡುತ್ತದೆ. ಚಳಿ ರಾತ್ರಿಯಲ್ಲಿ ಸ್ಲೀಪಿಂಗ್ ಬ್ಯಾಗಿನ ಒಳಗೆ, ಮೈ ಹತ್ತಿರ ಇಟ್ಟುಕೊಳ್ಳಿ. ಸಕ್ಕರೆ ನೋಡುವ ಮೀಟರೂ ತುಂಬಾ ಚಳಿಯಲ್ಲಿ ತಪ್ಪು ತೋರಿಸುತ್ತದೆ ಅಥವಾ ಆನ್ ಆಗುವುದೇ ಇಲ್ಲ, ಅದನ್ನೂ ಒಳಗೇ ಇಡಿ. ಎಲ್ಲಾ ಔಷಧಿ ಎರಡು ಜೊತೆ ತೆಗೆದುಕೊಂಡು ಬೇರೆ ಬೇರೆ ಕಡೆ ಇಡಿ, ಒಂದು ಬ್ಯಾಗು ನೀರಿಗೆ ಬಿದ್ದರೂ ಇನ್ನೊಂದು ಇರಬೇಕು.

ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ರಾತ್ರಿಯ ಬಗ್ಗೆ. ಹಗಲು ಜಾಸ್ತಿ ನಡೆದರೆ ಸಕ್ಕರೆ ನಡೆಯುವಾಗ ಮಾತ್ರ ಇಳಿಯುವುದಲ್ಲ, 24 ಗಂಟೆಯವರೆಗೂ ಇಳಿಯಬಹುದು. ಅಂದರೆ ನಿದ್ದೆಯಲ್ಲಿ, ಒಬ್ಬರೇ ಇರುವಾಗ. ಆ ದಿನದ ಇನ್ಸುಲಿನ್ ಪ್ರಮಾಣ ಎಷ್ಟಿರಬೇಕು ಅಂತ ಮೊದಲೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಅಂದಾಜಿನಲ್ಲಿ ನೀವೇ ಬದಲಾಯಿಸಬೇಡಿ. ಮಲಗುವ ಮೊದಲು ಒಮ್ಮೆ ನೋಡಿ, ನಡುರಾತ್ರಿ ಅಲಾರಂ ಇಟ್ಟು ಇನ್ನೊಮ್ಮೆ ನೋಡಿ. ಗ್ಲೂಕೋಸ್ ಮಾತ್ರೆ ಅಥವಾ ಸಕ್ಕರೆ ಕತ್ತಲಲ್ಲೂ ಕೈಗೆ ಸಿಗುವಂತೆ ತಲೆದಿಂಬಿನ ಪಕ್ಕ ಇರಲಿ. ಇಳಿದಿದ್ದರೆ 15 ಗ್ರಾಂ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು ನಿಮಗೆ ಗೊತ್ತೇ ಇರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಗಬಕ್ಕನೆ ಎದ್ದರೆ ತಲೆ ತಿರುಗಿ ಬೀಳುತ್ತಾರೆ, ಅದಕ್ಕೆ ಕೂತು, ಹತ್ತು ಸಲ ಉಸಿರಾಡಿ, ಆಮೇಲೆ ನಿಲ್ಲಿ. ನಿಮ್ಮ ಮಾತ್ರೆಗಳಲ್ಲಿ ಬೀಟಾ ಬ್ಲಾಕರ್ ಇದ್ದರೆ ನಾಡಿ ಬಡಿತ ನೋಡಿ ಶ್ರಮ ಅಳೆಯಬೇಡಿ, ಆ ಮಾತ್ರೆ ಬಡಿತವನ್ನೇ ತಗ್ಗಿಸಿರುತ್ತದೆ. ಸಕ್ಕರೆ ಇಳಿದಾಗ ಆಗುವ ಎದೆ ಢವಢವವನ್ನೂ ಅದು ಮುಚ್ಚಿಬಿಡಬಹುದು. ಎದೆ ಬಿಗಿ ಹಿಡಿದರೆ, ದವಡೆಗೋ ಎಡಗೈಗೋ ನೋವು ಹರಿದರೆ, ಸಾಮಾನು ಕಟ್ಟುತ್ತಾ ಕೂರಬೇಡಿ, ತುರ್ತು ಸೇವೆಗೆ ಕರೆ ಮಾಡಿ.

ಮೊದಲ ರಾತ್ರಿ ಒಬ್ಬ ಗೆಳೆಯರು ಐವತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಟೆಂಟ್ ಹಾಕಿಕೊಂಡು ಇರಲಿ ಅಂತ ನನ್ನ ಪ್ರೀತಿಯ ಒತ್ತಾಯ. ಅವರು ನಿಮ್ಮನ್ನು ಮಾತಾಡಿಸಬೇಕಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 29. ಕ್ಯಾನ್ಸರ್ ಚಿಕಿತ್ಸೆ ಮುಗಿದು ಹದಿನಾಲ್ಕು ತಿಂಗಳು. ಡಾಕ್ಟರಿಗಿಲ್ಲದ ಭಯ ಅಮ್ಮನಿಗೆ. ಒಬ್ಬಳೇ ಹೋಗುತ್ತೇನೆ ಅಂದ ಕೂಡಲೇ ಅಳುತ್ತಾರೆ. ಹೇಳದೆ ಹೋಗಿಬಿಡಲಾ ಅನ್ನಿಸುತ್ತಿದೆ.

ಉತ್ತರ: ಬೇಡಮ್ಮ. ಹೇಳದೆ ಹೋಗಬೇಡ. ಅಮ್ಮನ ಮನಸ್ಸಿಗೆ ನೋವಾಗುತ್ತದೆ ಅನ್ನುವುದು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ಇದೆ: ನೀನು ಎಲ್ಲಿದ್ದೀಯ ಅಂತ ಒಬ್ಬರಿಗಾದರೂ ಗೊತ್ತಿರಲೇಬೇಕು.

ನಿನ್ನ ಅಮ್ಮ ಆಸ್ಪತ್ರೆಯ ಹೊರಗೆ ಕುರ್ಚಿಯ ಮೇಲೆ ಎಷ್ಟು ರಾತ್ರಿ ಕಳೆದಿದ್ದಾರೋ. ನೀನು ಒಳಗಿದ್ದೆ, ನಿನಗೆ ಮಾಡಲು ಒಂದು ಕೆಲಸ ಇತ್ತು. ಅವರಿಗೆ ಕಾಯುವುದೊಂದೇ ಕೆಲಸ. ಈಗ ಮತ್ತೆ ಕಾಯಿ ಅಂತ ಹೇಳುತ್ತಿದ್ದೀಯ. ಅದಕ್ಕೇ ಅಳು. ಅವರಿಗೂ ಏನಾದರೂ ಕೆಲಸ ಕೊಡು. ಒಂದು ಹಾಳೆಯಲ್ಲಿ ಬರೆದುಕೊಡು: ಯಾವ ಜಾಗ, ಯಾವ ದಾರಿ, ವಾಹನದ ನಂಬರ್, ಟೆಂಟಿನ ಬಣ್ಣ, ಎಷ್ಟು ಗಂಟೆಗೆ ವಾಪಸ್. ಅದರ ಕೆಳಗೆ ಇನ್ನೊಂದು ಸಮಯ ಬರಿ. ಆ ಹೊತ್ತಿನವರೆಗೂ ಸುದ್ದಿ ಇಲ್ಲದಿದ್ದರೆ ಮಾತ್ರ ಯಾರಿಗೆ ಫೋನ್ ಮಾಡಬೇಕು ಅಂತ. ಈ ಎರಡನೇ ಸಮಯ ಇಲ್ಲದೆ ಹೋದರೆ ನೀನು ಹತ್ತು ನಿಮಿಷ ತಡ ಮಾಡಿದರೂ ಅವರ ಎದೆ ಒಡೆಯುತ್ತದೆ. ನೀನು ಕೂಡ ಆ ಸಮಯಕ್ಕೆ ತಪ್ಪಬಾರದು, ಒಂದು ಸಲ ತಪ್ಪಿದರೆ ಹಾಳೆಗೆ ಬೆಲೆ ಇರುವುದಿಲ್ಲ.

ಮೊದಲ ಸಲ ಅಮ್ಮನನ್ನೇ ಹಗಲಿನಲ್ಲಿ ಆ ಜಾಗಕ್ಕೆ ಕರೆದುಕೊಂಡು ಹೋಗು. ಕಣ್ಣಾರೆ ನೋಡದ ಜಾಗವನ್ನು ಮನಸ್ಸು ಇರುವುದಕ್ಕಿಂತ ಹತ್ತು ಪಟ್ಟು ಕತ್ತಲು ಮಾಡಿಕೊಳ್ಳುತ್ತದೆ.

ಫೋನಿನ ವಿಷಯ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ನಕ್ಷೆಯನ್ನು ಮೊದಲೇ ಇಳಿಸಿಟ್ಟಿರಬೇಕು. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ, ಅದಕ್ಕೆ ಏರೋಪ್ಲೇನ್ ಮೋಡ್‌ನಲ್ಲಿಡು. 112 ಬಹಳಷ್ಟು ದೇಶಗಳಲ್ಲಿ ತುರ್ತು ನಂಬರ್, ನಿನ್ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗಬಹುದು. ಕತ್ತಿಗೆ ಒಂದು ವಿಸಿಲ್ ಹಾಕಿಕೋ. ಪರ್ವತಾರೋಹಿಗಳ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ವಿಸಿಲ್ ಊದಲು ಉಸಿರಿದ್ದರೆ ಸಾಕು. ಯಾವ ಚಿಕಿತ್ಸೆ ಆಗಿದೆ, ಯಾವ ಔಷಧಿ ಆಗಿಬರುವುದಿಲ್ಲ, ಮೈಯೊಳಗೆ ಪೋರ್ಟ್ (ರಕ್ತನಾಳಕ್ಕೆ ಔಷಧಿ ಕೊಡಲು ಚರ್ಮದಡಿ ಕೂರಿಸುವ ಪುಟ್ಟ ಸಾಧನ) ಇದೆಯಾ ಅಂತ ಬರೆದ ಚೀಟಿ ಜೇಬಿನಲ್ಲಿರಲಿ.

ಪ್ರಶ್ನೆ: ಎರಡು ವರ್ಷ ಖಿನ್ನತೆ ಮತ್ತು ಪ್ಯಾನಿಕ್ ಅಟ್ಯಾಕ್ ಇತ್ತು. ಈಗ ಪರವಾಗಿಲ್ಲ, ಮಾತ್ರೆ ನಡೆಯುತ್ತಿದೆ. ಒಬ್ಬನೇ ಟೆಂಟಿನಲ್ಲಿದ್ದಾಗ ರಾತ್ರಿ ಅಟ್ಯಾಕ್ ಬಂದರೆ ಏನು ಮಾಡುವುದು?

ಉತ್ತರ: ಬರಬಹುದು ಅಂತಲೇ ಅಂದುಕೊಂಡು ಹೋಗಿ, ಆಗ ಬಂದರೂ ಅದು ಹೊಸದಾಗಿರುವುದಿಲ್ಲ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಟೆಂಟಿನ ಜಿಪ್ ತೆಗೆದು ಹೊರಗೆ ಬಂದು ಕೂತುಕೊಳ್ಳಿ, ದೀಪ ಹಚ್ಚಿ, ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಹೊರಗೆ ಬಿಡಿ. ಕತ್ತಲಾಗುವ ಮೂರು ಗಂಟೆ ಮೊದಲೇ ತಲುಪಿದರೆ ಸಂಜೆಯ ಸದ್ದುಗಳು ಒಂದೊಂದಾಗಿ ಪರಿಚಯವಾಗುತ್ತವೆ, ಕತ್ತಲಲ್ಲಿ ತಲುಪಿದವರಿಗೆ ಎಲ್ಲಾ ಸದ್ದೂ ಅಪರಿಚಿತ. ಮಾತ್ರೆಯನ್ನು ಪ್ರವಾಸಕ್ಕೆ ಅಂತ ಬಿಡಬೇಡಿ, ಅರ್ಧ ಮಾಡಬೇಡಿ. ಮತ್ತೆ ಇದನ್ನು ಅಣ್ಣನಿಗೋ ತಮ್ಮನಿಗೋ ಹೇಳುವಂತೆ ಹೇಳುತ್ತೇನೆ: ಬದುಕು ಬೇಡ ಅನ್ನಿಸುವ ದಿನಗಳು ಈಗಲೂ ಬರುತ್ತಿದ್ದರೆ ಒಬ್ಬರೇ ಹೋಗಬೇಡಿ. ಡಾಕ್ಟರಿಗೆ ಹೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರೇ ಹೋಗುವುದಕ್ಕೆ ಮುಂದೆ ದಿನಗಳಿವೆ.

ಪ್ರಶ್ನೆ: ಸೊಂಟದ ಆಪರೇಷನ್ ಆದ ಮೇಲೆ ಹೋದ ಶನಿವಾರ ಮೊದಲ ಸಲ ಹೋಗಿದ್ದೆ. ಮಳೆ ಶುರುವಾಯಿತು, ನೋವೂ ಬಂತು. ರಾತ್ರಿ ಹನ್ನೊಂದಕ್ಕೆ ಎಲ್ಲಾ ಸುತ್ತಿ ವಾಹನಕ್ಕೆ ತುಂಬಿ ಮನೆಗೆ ಬಂದೆ. ಯಾರಿಗೂ ಹೇಳಿಲ್ಲ, ನಾಚಿಕೆ. ಇನ್ನು ಈ ಆಸೆ ಬಿಟ್ಟುಬಿಡಲಾ?

ಉತ್ತರ: ನೀವು ಮಾಡಿದ್ದು ಸರಿ. ರಾತ್ರಿ ಹನ್ನೊಂದಕ್ಕೆ ಹೊರಟು ಮನೆ ಸೇರಬಹುದಾದ ಜಾಗವನ್ನೇ ಆರಿಸಿದ್ದಿರಿ ನೋಡಿ, ಅದು ಬುದ್ಧಿವಂತಿಕೆ. ಬೆಟ್ಟದ ಮೇಲೆ ಇದ್ದಿದ್ದರೆ ಆ ನೋವಿನಲ್ಲಿ, ಆ ಮಳೆಯಲ್ಲಿ ಇಳಿಯಲು ಆಗುತ್ತಿತ್ತಾ? ನಾನು ಮೂರು ಸಲ ಹೀಗೆ ಅರ್ಧ ರಾತ್ರಿಯಲ್ಲಿ ವಾಪಸ್ ಬಂದಿದ್ದೇನೆ, ನಾಲ್ಕನೇ ಸಲ ಬೆಳಗಿನವರೆಗೆ ಇದ್ದೆ. ಆಪರೇಷನ್ ಮಾಡಿದ ಡಾಕ್ಟರಿಗೆ ನೋವು ಎಲ್ಲಿ ಬಂತು, ಎಷ್ಟು ಹೊತ್ತು ಇತ್ತು ಅಂತ ಹೇಳಿ. ಕಾಲು ಜೋಮು ಹಿಡಿದಿದ್ದರೆ ಇವತ್ತೇ ಹೇಳಿ. ಮಂಗಳವಾರ ಹೇಗಿತ್ತು ಅಂತ ನೀವು ಬರೆದಿಲ್ಲ, ಮುಂದಿನ ಪತ್ರದಲ್ಲಿ ತಿಳಿಸಿ.

ಆ ಟೆಂಟ್ ಇನ್ನೂ ವಾಹನದಲ್ಲೇ ಒದ್ದೆಯಾಗಿ ಸುತ್ತಿಕೊಂಡು ಬಿದ್ದಿದ್ದರೆ ಈಗಲೇ ಹೊರಗೆ ತೆಗೆಯಿರಿ. ಒದ್ದೆ ಬಟ್ಟೆಗೆ ಎರಡು ಮೂರು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಗೆ ಹರವಿ. ಬಗ್ಗಿ ಕೆಲಸ ಮಾಡಬೇಡಿ, ಮನೆಯಲ್ಲಿ ಯಾರಾದರೂ ಹಿಡಿದುಕೊಳ್ಳಲಿ. ಹೊಲಿಗೆಯ ಮಡಿಕೆಗಳಲ್ಲಿ ಕೊನೆಗೆ ತೇವ ಉಳಿಯುತ್ತದೆ, ಅಲ್ಲಿ ಕೈಯಿಂದ ಮುಟ್ಟಿ ನೋಡಿ ಆಮೇಲೆ ಮಡಿಸಿ.